ರಸ್ತೆ ಸರಿಯುವ ಜಾಗ

ಮೊನ್ನೆ ಸಿಂಗಪುರದ ಪುಂಗೋಲಿನ ನಮ್ಮ ಮನೆಯಲ್ಲಿ ಪುಸ್ತಕದ ಕಪಾಟು ಒರೆಸುತ್ತಿದ್ದೆ. ಹಸಿರು ರಟ್ಟಿನದೊಂದು ಕೈಗೆ ಬಂತು. ತೆರೆದರೆ ಅದು ಹಿಂದೆ ಇದ್ದ ನೆಲಮಾಳಿಗೆಯ ವಾಸನೆ. ಈ ಊರಿನ ಸೆಕೆಯಲ್ಲಿ ಇಷ್ಟು ವರ್ಷ ಬೆಂದರೂ ಆ ತಣ್ಣನೆಯ ವಾಸನೆ ಹೋಗಿಲ್ಲ ನೋಡಿ.

ಅದು ಅಮೆರಿಕದ ಅಯೋವಾದ ಒಂದು ಕೌಂಟಿಯ ಚರಿತ್ರೆ. ಕೌಂಟಿ ಎಂದರೆ ನಮ್ಮ ಕಡೆಯ ತಾಲ್ಲೂಕು ಎಂದುಕೊಳ್ಳಿ. ಓದಲು ಹೋಗಿದ್ದ ನಾನು ಅಲ್ಲಿ ಡೋರಿಸ್ ಎಂಬ ಮುದುಕಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಆಕೆ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಯಾವ ಹಳ್ಳಿಗೆ ರೈಲು ಬಂತು, ರೈಲು ಬಾರದ ಯಾವ ಹಳ್ಳಿ ತನ್ನ ಮನೆಗಳನ್ನೇ ಗಾಡಿಗೆ ಹೇರಿಕೊಂಡು ಹಳಿಯ ಹತ್ತಿರ ಹೋಗಿ ಕೂತಿತು, ಎಲ್ಲ ಬರೆದಿಟ್ಟಿದ್ದಳು. ಟೈಪ್ ಮಾಡುವ ಕೆಲಸ ನನ್ನದು. ನನ್ನ ಇಂಗ್ಲಿಷ್ ಮೈಸೂರಿನ ತಾತ ಕಲಿಸಿದ್ದು, ಸರ್ಕಾರಕ್ಕೆ ಅರ್ಜಿ ಬರೆಯುವಂಥದ್ದು. "ನೀನು ಟೈಪ್ ಮಾಡಿದ್ರೆ ಮುಸುಕಿನ ಜೋಳದ ಹೊಲವೂ ಕೋಟು ಹಾಕಿಕೊಂಡ ಹಾಗಿರುತ್ತೆ" ಎನ್ನುತ್ತಿದ್ದಳು.

ಆ ಸೀಮೆಯ ರಸ್ತೆಗಳು ಮೈಲಿಗೊಂದರಂತೆ, ಚದುರಂಗದ ಮಣೆಯ ಹಾಗೆ. ಕಣ್ಣು ಮುಚ್ಚಿಕೊಂಡು ಓಡಿಸಬಹುದು ಅನಿಸುತ್ತದೆ. ಆದರೆ ಭೂಮಿ ಗುಂಡಗಿದೆಯಲ್ಲ. ಉತ್ತರಕ್ಕೆ ಹೋದಂತೆ ಗೆರೆಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಹಿಂದೆ ನೆಲ ಅಳೆದವರು ಅಲ್ಲಲ್ಲಿ ಅದನ್ನು ಸರಿಪಡಿಸಿ ಹೊಸದಾಗಿ ಗೆರೆ ಎಳೆದರು. ಅಂಥ ಕಡೆ ನೆಟ್ಟಗೆ ಬಂದ ರಸ್ತೆ ಥಟ್ಟನೆ ಪಕ್ಕಕ್ಕೆ ಸರಿದು, ಮತ್ತೆ ಉತ್ತರಕ್ಕೆ ಹೊರಡುತ್ತದೆ. ಅಂಥದೊಂದು ತಿರುವಿನಲ್ಲಿ, ಮಂಜು ಕವಿದ ಬೆಳಿಗ್ಗೆ, ಡೋರಿಸಳ ಒಬ್ಬನೇ ಮಗ ಕಾರನ್ನು ನೆಟ್ಟಗೇ ಓಡಿಸಿ ಸತ್ತ. ಅವನಿಗಾಗ ಹತ್ತೊಂಬತ್ತು ವರ್ಷ. ನನಗೆ ಇದನ್ನು ಹೇಳಿದ್ದು ಅಕ್ಕಪಕ್ಕದವರು.

ಆಕೆಯ ಹಸ್ತಪ್ರತಿಯಲ್ಲಿ ಆ ಜಾಗಕ್ಕೆ ಇದ್ದದ್ದು ಒಂದೇ ವಾಕ್ಯ: "ಭೂಮಿ ಗುಂಡಗಿರುವುದರಿಂದ ಇಲ್ಲಿ ರಸ್ತೆ ಪಶ್ಚಿಮಕ್ಕೆ ಸರಿಯುತ್ತದೆ." ಮಗನ ವಿಷಯವನ್ನು ಸಂಕೋಚಕ್ಕೆ ಬಿಟ್ಟಿದ್ದಾಳೆ ಅಂದುಕೊಂಡು, ಕೇಳದೆ, ಕೆಳಗೊಂದು ಸಾಲು ಸೇರಿಸಿದೆ: ಹುಡುಗನ ಹೆಸರು, ವಯಸ್ಸು. ಕಣ್ಣು ಮಂದವಾಗಿದ್ದ ಆಕೆ ಕರಡು ನೋಡುವುದನ್ನೂ ನನಗೇ ಬಿಟ್ಟಿದ್ದಳು. ಅಚ್ಚಿನಲ್ಲಿ ನೋಡಿ ಸಮಾಧಾನಪಡುತ್ತಾಳೆ ಎಂಬುದು ನನ್ನ ಜಾಣತನ.

ಪುಸ್ತಕ ಬಂದ ಮರುದಿನ ಕೆಳಗಿಳಿದರೆ ಅಡುಗೆಮನೆಯ ಮೇಜಿನ ಮೇಲೆ ರಾಶಿ. ಡೋರಿಸ್ ಭೂತಗನ್ನಡಿ ಹಿಡಿದು, ಒಂದೊಂದು ಪ್ರತಿಯಲ್ಲೂ ಆ ಸಾಲನ್ನು ಕಪ್ಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದಳು.

"ಅವನ ಹೆಸರು ಬೇಡವಾ?" ಎಂದೆ.

"ಆ ತಿರುವಿನ ಮನೆಯವರೇ ಅವನನ್ನ ಕಾರಿಂದ ಎತ್ತಿದ್ದು. ಇವತ್ತಿಗೂ ಕಿಟಕಿ ತೆಗೆದ್ರೆ ಅವರಿಗೆ ಕಾಣೋದು ಅದೇ ಜಾಗ. ಈ ಪುಸ್ತಕ ಅವರ ಮನೇಲೂ ಇರುತ್ತೆ. ನನಗೆ ನೆನಪಿಸೋಕೆ ಪುಸ್ತಕ ಬೇಕಾಗಿಲ್ಲ, ಮರಿ."

ಬೈಯಲಿಲ್ಲ. ಇನ್ನೊಂದು ಪೆನ್ನನ್ನು ನನ್ನತ್ತ ತಳ್ಳಿದಳು. ಮಧ್ಯಾಹ್ನದವರೆಗೆ ಇಬ್ಬರೂ ಕೂತು ಆ ಸಾಲನ್ನು ಅಳಿಸಿದೆವು.

ಮೊನ್ನೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡವಳು ಮಗಳು. ಹುಟ್ಟಿ ಬೆಳೆದದ್ದೆಲ್ಲ ಸಿಂಗಪುರದಲ್ಲೇ. ಪುಟ ತಿರುವುತ್ತ, "ಇಲ್ಲಿ ಯಾರೋ ಕ್ಯಾನ್ಸಲ್ ಮಾಡಿದಾರೆ, ಅಪ್ಪಾ. ಏನಿತ್ತು?" ಅಂದಳು. ಎಲ್ಲ ಹೇಳಿದೆ.

"ಫಸ್ಟ್ ಆ ಆಂಟೀನ ಕೇಳ್ಬೇಕಿತ್ತು ಲಾ" ಅಂದಳು, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಹಚ್ಚಿ.

ಹೌದು, ಕೇಳಬೇಕಿತ್ತು. ಇಷ್ಟನ್ನು ಡೋರಿಸಳ ಎದುರು ಒಪ್ಪಿಕೊಳ್ಳಲು ನನಗೆ ಬಾಯಿ ಬಂದಿರಲಿಲ್ಲ, ಈಗ ಆಕೆಯಿಲ್ಲ.

ಆ ಕಪ್ಪು ಗೆರೆಯ ಮೇಲೆ ಬೆರಳಿಟ್ಟು ಮಗಳು, "ಅವನ ಹೆಸರೇನು?" ಎಂದಳು. ಹೇಳಿದೆ. ಅವಳೂ ಒಮ್ಮೆ ಮೆಲ್ಲಗೆ ಅಂದು ನೋಡಿದಳು.

ಇಲ್ಲಿ ಬರೆಯುತ್ತಿಲ್ಲ.