ಗಿಟಾರಿನ ಕೆಳಗೆ ದೊಡ್ಡವ್ವನ ದನಿ

ಆ ವಿಡಿಯೋದಲ್ಲಿ ಗಿಟಾರುಗಳೆಲ್ಲ ಒಮ್ಮೆಗೇ ನಿಂತು, ಒಬ್ಬ ಹೆಂಗಸು ಹಾಡಿಕೊಂಡು ಅಳುವ ದನಿ ಬರುತ್ತದಲ್ಲ — ಆ ದನಿಯನ್ನು ಕದ್ದು ಕೊಟ್ಟವನು ನಾನು. ಸವಿತಾ ಅತ್ತಿಗೆಯಲ್ಲ. ಅವಳೇ ಕದ್ದಳೆಂದು ನಮ್ಮ ಮನೆಯವರು ನಂಬಿದರು, ಊರು ನಂಬಿತು, ದೊಡ್ಡವ್ವ ಸಾಯುವ ತನಕ ನಂಬಿದಳು. ನಾನು ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು, ಉಂಡುಟ್ಟು, ನಗಾಡಿಕೊಂಡು ಓಡಾಡಿದೆ.

ಮೊದಲು ಬ್ಯಾಂಡಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹುಚ್ಚು ಯಾರಿಗೂ ಅರ್ಥವಾಗುವುದಿಲ್ಲ. 'ಕರಿಕಲ್ಲು' ಎಂದರೆ ಚಾಮರಾಜನಗರದ ನಾಲ್ಕು ಹುಡುಗರು. ಮೆಟಲ್ ನುಡಿಸುತ್ತಾರೆ — ಗಿಟಾರು ಗರಗಸದ ಹಾಗೆ ಕೊರೆಯಬೇಕು, ಡ್ರಮ್ಮು ಎದೆಗೆ ಗುದ್ದಬೇಕು, ಹಾಡುವವನು ಗಂಟಲು ಹರಿದುಕೊಳ್ಳಬೇಕು, ಅಂಥ ಸಂಗೀತ. ಹಾಡುವವನು ಗಿರಿ, ಹಗಲು ಹೊತ್ತು ಕರಿಕಲ್ಲಿಗೆ ಪಾಲಿಶ್ ಮಾಡುವ ಘಟಕದಲ್ಲಿ ಕೆಲಸ. ಇವರ ಮೊದಲ ಕಾರ್ಯಕ್ರಮ ಒಂದು ಕಲ್ಯಾಣ ಮಂಟಪದಲ್ಲಿ ನಡೆದಾಗ ಕೇಳಲು ಇದ್ದವರು ಬೆರಳೆಣಿಕೆಯ ಜನ, ಅವರಲ್ಲಿ ಅಡುಗೆಯವರೂ ಸೇರಿದ್ದರು. ನಾನು ಅವತ್ತಿನಿಂದ ಅವರ ಬೆನ್ನು ಬಿಟ್ಟವನಲ್ಲ. ಸ್ಪೀಕರ್ ಡಬ್ಬ ಹೊತ್ತೆ, ಟೀ ಶರ್ಟಿಗೆ ಚಿತ್ರ ಬರೆದೆ, ಬೈದವರ ಜೊತೆ ಜಗಳ ಆಡಿದೆ. ನಮ್ಮವ್ವ ಒಂದು ಸಲ ಕೇಳಿ, ಇದ್ಯಾಕ್ಲಾ ಹಂದಿ ಕುಯ್ದಂಗೆ ಅರಚ್ತವೆ ಎಂದಿದ್ದಳು. ಗುಂಡ್ಲುಪೇಟೆಯಲ್ಲಿ ಚೆಂಡುಹೂವು ತೂಗಿಸಿಕೊಳ್ಳುವ ಡಿಪೋದಲ್ಲಿ ನನಗೆ ಕೆಲಸ. ಅಲ್ಲಿಯೂ ಇದೇ ಗೇಲಿ. ನನಗೆ ಅದೆಲ್ಲ ಹೆಮ್ಮೆ — ಯಾರಿಗೂ ಅರ್ಥವಾಗದ್ದು ನನಗೆ ಅರ್ಥವಾಗಿದೆ ಎಂಬ ಕೊಬ್ಬು.

ದೊಡ್ಡವ್ವ ನಮ್ಮವ್ವನ ಅಕ್ಕ. ಸಂತೆಮರಹಳ್ಳಿ ಪಕ್ಕದ ಊರಿನವಳು. ಸುತ್ತಲ ಊರುಗಳಲ್ಲಿ ಯಾರು ಸತ್ತರೂ ಅವಳಿಗೆ ಹೇಳಿ ಕಳಿಸುತ್ತಿದ್ದರು. ಹೆಣದ ತಲೆಯ ಹತ್ತಿರ ಕೂತು, ಸತ್ತವರನ್ನು ಹೆಸರು ಹಿಡಿದು ಕರೆದು, ಅವರು ಬಾಳಿದ್ದು, ನೊಂದದ್ದು, ಬಿಟ್ಟು ಹೋಗಿದ್ದು ಎಲ್ಲವನ್ನೂ ಕಟ್ಟಿ ಹಾಡಿಕೊಂಡು ಅಳುವವಳು. ಅವಳು ಬಾಯಿ ತೆಗೆದರೆ ಒಳಗೆ ಬರದೆ ಹೊರಗೆ ಬೀಡಿ ಸೇದುತ್ತಾ ನಿಂತ ಗಂಡಸರೂ ಮುಖ ಒರೆಸಿಕೊಳ್ಳುತ್ತಿದ್ದರು. ಆದರೆ ಹೆಣ ಎತ್ತಿದ ಕ್ಷಣಕ್ಕೆ ನಿಲ್ಲಿಸಿಬಿಡುವಳು. ಬಾಯಿ ಮುಕ್ಕಳಿಸಿ, ಒಂದು ಲೋಟ ನೀರು ಕುಡಿದು ಎದ್ದರೆ ಮುಗಿಯಿತು, ಅದರಲ್ಲಿ ಒಂದು ಸಾಲನ್ನೂ ಮತ್ತೆ ಬಾಯಿಗೆ ತರುತ್ತಿರಲಿಲ್ಲ. ಆ ಹಾಡು ಹೆಣದ ಜೊತೆಗೇ ಹೋಗಬೇಕು, ಉಳಿಸಿಕೊಂಡರೆ ಇನ್ನೊಂದು ಸಾವನ್ನು ಕೂಗಿ ಕರೆದ ಹಾಗೆ ಎಂದು ಅವಳ ನಂಬಿಕೆ. ಇದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಅವಳ ಒಬ್ಬನೇ ಮಗ, ಸವಿತಾ ಅತ್ತಿಗೆಯ ಗಂಡ ಮಾದೇಶಣ್ಣ, ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದ. ಕಾಡಿನ ರಸ್ತೆಗೆ ರಾತ್ರಿ ಗೇಟು ಹಾಕಿಬಿಡುತ್ತಾರೆ. ತಡವಾದರೆ ಬೆಳಗಿನ ತನಕ ಕಾಯಬೇಕು, ಅಷ್ಟರಲ್ಲಿ ಅಲ್ಲಿಯ ಮಾರುಕಟ್ಟೆ ಮುಗಿದಿರುತ್ತದೆ. ಗೇಟು ಹಾಕುವ ಮೊದಲು ದಾಟಬೇಕೆಂದು ಓಡಿಸಿದ ಅಣ್ಣ ಗುಂಡ್ಲುಪೇಟೆಯ ಆಚೆಗಿರುವ ಮದ್ದೂರಿನ ತಿರುವಿನಲ್ಲಿ ಲಾರಿ ಮಗುಚಿ ಹೋಗಿಬಿಟ್ಟ.

ಆ ದಿನ ದೊಡ್ಡವ್ವ ತನ್ನ ಮಗನಿಗೇ ಹಾಡಿದಳು. 'ಗೇಟಾಕ್ಬುಡ್ತಾರೆ ಅಂತ ಓಡ್ದಲ್ಲೋ ಮಗನೇ, ನಾನು ಬಾಗ್ಲು ತಗ್ದೇ ಮಡಗಿದ್ನಲ್ಲೋ' — ಈ ಸಾಲಿಗೆ ಅವಳು ಮತ್ತೆ ಮತ್ತೆ ಬರುತ್ತಿದ್ದಳು. ನಾನು ಫೋನು ತೆಗೆದು ಶಲ್ಯದ ಮರೆಯಲ್ಲಿ ರೆಕಾರ್ಡ್ ಮಾಡಿಕೊಂಡೆ. ಯಾಕೆ ಮಾಡಿದೆ? ಅಣ್ಣನ ನೆನಪಿಗೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಹೊರಗಿನ ತಮಟೆಯ ಸದ್ದಿಗೆ ದನಿ ಮುಚ್ಚಿಹೋಗುತ್ತಿದೆ ಎಂದು ನಾನು ಹೆಣದ ಇನ್ನೂ ಹತ್ತಿರಕ್ಕೆ ಸರಿದು ಕೂತೆ. ಅಣ್ಣ ಅಲ್ಲಿ ಮಲಗಿದ್ದಾನೆ, ನಾನು ಸೌಂಡು ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಅಭಿಮಾನಿಯೊಬ್ಬ ಹಾಡು ಕೇಳುವ ಹಾಗೆ ನಾನು ಆ ಅಳುವನ್ನು ಕೇಳಿದೆ.

ಅತ್ತಿಗೆಯ ಕೈಯಲ್ಲೂ ಅವತ್ತು ಒಂದು ಫೋನಿತ್ತು. ಅದು ಅಣ್ಣನದು. ಲಾರಿ ಎಲ್ಲಿ, ಲೋಡು ಯಾಕೆ ಬಂದಿಲ್ಲ ಎಂದು ಕೇರಳದ ಮಾರುಕಟ್ಟೆಯವರು ಒಂದೇ ಸಮನೆ ಕರೆ ಮಾಡುತ್ತಿದ್ದರು, ಅವಳಿಗೆ ಅದನ್ನು ಆಫ್ ಮಾಡಲೂ ಮನಸ್ಸಿಲ್ಲ, ಮಾತಾಡಲೂ ಬಾಯಿಲ್ಲ. ಸುಮ್ಮನೆ ಎದೆಯ ಮುಂದೆ ಹಿಡಿದುಕೊಂಡು ಕೂತಿದ್ದಳು. ಹೆಣದ ಮುಂದೆ ಫೋನು ಹಿಡಿದವಳು ಎಂದು ಇಡೀ ಊರಿನ ಕಣ್ಣಿಗೆ ಬಿದ್ದವಳು ಅವಳೊಬ್ಬಳೇ.

ಕೆಲವು ತಿಂಗಳ ಮೇಲೆ ಚಾಮರಾಜನಗರದಲ್ಲಿ ಗಿರಿಯ ರೂಮಿನಲ್ಲಿ ಕೂತಿದ್ದಾಗ ಅವನು ತಮ್ಮ ಹೊಸ ಹಾಡು ಕೇಳಿಸಿದ. ಸಾವಿನ ಬಗ್ಗೆ ಏನೇನೋ ಇತ್ತು — ರಕ್ತ, ಕತ್ತಲು, ಗೋರಿ. ನನಗೆ ರೇಗಿತು. ಇದೆಂಥ ಸಾವು, ನಮ್ಮೂರಿನಲ್ಲಿ ಯಾರು ಹೀಗೆ ಸಾಯುತ್ತಾರೆ, ನಿಜವಾದ ಅಳು ಎಂದರೆ ಏನು ಅಂತ ಗೊತ್ತೇನ್ಲಾ ನಿಮಗೆ ಎಂದು ಜಂಬದಲ್ಲಿ ಫೋನು ತೆಗೆದು ಹಾಕಿದೆ. ಮುಗಿದ ಮೇಲೆ ಅವರು ಇನ್ನೊಂದು ಸಲ ಹಾಕಿಸಿ ಕೇಳಿದರು. ಗಿರಿ, ಸುಮ್ಮನೆ ಕೇಳಕ್ಕೆ ಕಳಿಸು ಎಂದ. ಕಳಿಸಿದೆ. ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು, ನನಗೆ ಹಿಗ್ಗು.

ಆಮೇಲೆ ಒಂದು ದಿನ ಡಿಪೋದಲ್ಲಿ ಮೂಟೆ ತೂಗಿಸುತ್ತಿದ್ದಾಗ ಅವನ ಫೋನು ಬಂತು.

"ಸಿದ್ದ, ಅದ್ನ ಹಾಡ್ಗೆ ಹಾಕ್ಕೊಳದಾ? ನೀನು ಊ ಅಂದ್ರೆ ಮಾತ್ರ."

"ಹಾಕ್ಕೊ. ಯಾರ್ಗೂ ಗೊತ್ತಾಗಕಿಲ್ಲ. ನನ್ನೆಸ್ರು ಮಾತ್ರ ಎಲ್ಲೂ ಬರಕೂಡ್ದು."

ಇಷ್ಟೇ ಮಾತು. ಗಿರಿಯದೇನೂ ತಪ್ಪಿಲ್ಲ, ಅವನು ಕೇಳಿಯೇ ಹಾಕಿಕೊಂಡ. ನನ್ನ ಹೆಸರು ಬೇಡ ಎಂದೆನಲ್ಲ — ಮಾಡುತ್ತಿರುವುದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವಿಡಿಯೋ ಬಂತು. ಮುಖಕ್ಕೆ ಬೂದಿ ಬಳಿದುಕೊಂಡ ನಾಲ್ವರು, ಹಿಂದೆ ಕಾಡು, ರಸ್ತೆಯಲ್ಲಿ ಮೇಲೆತ್ತಿದ ಒಂದು ಗೇಟು. ಗಿಟಾರು ನಿಂತು ದೊಡ್ಡವ್ವನ ದನಿ ಬರುವ ಹೊತ್ತಿಗೆ ಗೇಟು ನಿಧಾನವಾಗಿ ಇಳಿಯುತ್ತದೆ. ನಿಜ ಹೇಳಬೇಕೆಂದರೆ, ಕರಿಕಲ್ಲಿನವರು ಮಾಡಿದ್ದರಲ್ಲೆಲ್ಲ ಅದೇ ಶ್ರೇಷ್ಠ. ಇಷ್ಟು ವರ್ಷ ನಾನು ಕಾದಿದ್ದೂ ಅಂಥದ್ದಕ್ಕೇ. ಮೊದಲ ಸಲ ನೋಡಿ ಕುಣಿಯಬೇಕೆನಿಸಿತು, ಎರಡನೆಯ ಸಲ ದೊಡ್ಡವ್ವನ ದನಿ ಬರುತ್ತಿದ್ದಂತೆ ಫೋನು ಮಗುಚಿಟ್ಟೆ. ಆದರೂ ಮೂರನೆಯ ಸಲ ಹಾಕಿದೆ. ಅಸಹ್ಯವೂ ಆಸೆಯೂ ಒಟ್ಟಿಗೆ ಇರುತ್ತವೆ ಎಂದು ನನಗೆ ಅವತ್ತು ಗೊತ್ತಾಯಿತು, ಇವತ್ತಿಗೂ ನನ್ನಲ್ಲಿ ಎರಡೂ ಇವೆ.

ಹಾಡು ಹಬ್ಬಿತು. ಮೆಟಲ್ ಎಂದರೇನೆಂದು ತಿಳಿಯದ ಹುಡುಗರೂ ಆ ಒಂದು ತುಂಡನ್ನು ಕತ್ತರಿಸಿ ಸ್ಟೇಟಸ್ಸಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಯಾರಾದರೂ ಬಾಗಿಲು ಹಾಕಿದರೆ 'ಗೇಟಾಕ್ಬುಡ್ತಾರೆ ಅಂತ ಓಡ್ದಲ್ಲೋ' ಎಂದು ಕೂಗಿ ನಗುವುದು ಶುರುವಾಯಿತು. ದೊಡ್ಡವ್ವ ಅದನ್ನು ತನ್ನ ಬೀದಿಯಲ್ಲೇ ಕೇಳಿದಳು. ಎದುರು ಮನೆಯ ಹುಡುಗನ ಫೋನಿನಲ್ಲಿ ಅವಳದೇ ದನಿ, ಅವಳ ಮಗನ ಹೆಸರು. ಅದೇ ವಾರ ಅವಳ ಮೊಮ್ಮಗಳಿಗೆ ವಿಷಮಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗು ಉಳಿಯಿತು, ಆದರೆ ದೊಡ್ಡವ್ವನ ಎದೆಯಲ್ಲಿ ಭಯ ಕೂತುಬಿಟ್ಟಿತು. ಎಲ್ಲಿ ಆ ಹಾಡು ಕೇಳಿದರೂ ಓಡಿಹೋಗಿ ಮಗುವಿನ ಕಿವಿ ಮುಚ್ಚುತ್ತಿದ್ದಳು. ಯಾರು ಮಾಡಿದ್ದು ಎಂಬ ಮಾತೆದ್ದಾಗ ಎಲ್ಲರಿಗೂ ಆ ಫೋನು ನೆನಪಾಯಿತು. ಗಂಡನ ಹೆಣದ ಮುಂದೆ ಫೋನು ಹಿಡಿದಿದ್ದವಳು, ಅತ್ತೆಯ ಅಳುವನ್ನು ಮಾರಿಕೊಂಡವಳು ಎಂದರು. ಅತ್ತಿಗೆ ಮಗುವಿನ ತಲೆ ಮುಟ್ಟಿ ಆಣೆ ಮಾಡಿದಳು. ಆಗ ದೊಡ್ಡವ್ವ, "ಆ ಮಗಿನ್ ಮ್ಯಾಲ್ಯಾಕ್ ಆಣೆ ಇಕ್ಕೀಯೆ, ಅದ್ನೂ ಕಳ್ಕಳಕಾ?" ಎಂದು ಅವಳ ಕೈ ಕಿತ್ತು ಹಾಕಿದಳು. ನಾನು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ.

ಅತ್ತಿಗೆ ಮಗುವನ್ನು ಕರೆದುಕೊಂಡು ಹರವೆಯ ತವರಿಗೆ ಹೋದಳು. ದೊಡ್ಡವ್ವ ಮತ್ತೆ ಯಾರ ಸಾವಿಗೂ ಹೋಗಿ ಅಳಲಿಲ್ಲ. ಕರೆಯಲು ಬಂದವರಿಗೆ, ನನ್ ಗಂಟ್ಲು ಎಂಜಲಾಗ್ಬುಟ್ಟದೆ ಕಣ್ರಪ್ಪ ಎನ್ನುತ್ತಿದ್ದಳಂತೆ. ನಾನು ಹೇಳೋಣ, ಈ ಹಬ್ಬ ಕಳೆಯಲಿ, ಈ ಮದುವೆ ಆಗಲಿ ಎಂದು ಮುಂದೂಡುತ್ತಾ ಬಂದೆ. ಈ ವರ್ಷ ದೊಡ್ಡವ್ವ ಹೋಗಿಬಿಟ್ಟಳು.

ಅವಳ ಸಾವಿಗೆ ಅತ್ತಿಗೆ ಬಂದಳು. ಜನ ದಾರಿ ಬಿಟ್ಟರು, ಮಾತಾಡಿಸಲಿಲ್ಲ. ಅತ್ತೆಗೆ ಸೊಸೆ ಹಾಡಿ ಅಳಬೇಕು, ಅದು ನಮ್ಮಲ್ಲಿ ನಡೆದು ಬಂದದ್ದು. ಅವಳು ಕಾಲ ಬಳಿ ಕೂತು, ಪಾದ ಹಿಡಿದು, ದನಿ ತೆಗೆಯುವಷ್ಟರಲ್ಲಿ ನನ್ನ ಸೋದರಮಾವ ಹಿಂದಿನಿಂದ ಹೇಳಿದ: "ಮೊದ್ಲು ಅವಳ್ ಫೋನ್ ಈಸ್ಕೊಳಿ."

ಅತ್ತಿಗೆ ಚೀಲದಿಂದ ಫೋನು ತೆಗೆದು ಕೊಟ್ಟಳು. ಆಮೇಲೆ ಅವಳ ಬಾಯಿಂದ ಒಂದು ಸ್ವರ ಹೊರಡಲಿಲ್ಲ. ಬೇರೆಯವರೂ ಹಾಡಲಿಲ್ಲ. ಇಡೀ ಸೀಮೆಯ ಹೆಣಗಳಿಗೆ ಅತ್ತವಳು ಹಾಡಿಲ್ಲದೆ ಹೋದಳು. ನನ್ನ ಫೋನು ನನ್ನ ಜೇಬಿನಲ್ಲಿತ್ತು, ಅದನ್ನು ಯಾರೂ ಕೇಳಲಿಲ್ಲ.

ತಿಥಿಗೆ ಅತ್ತಿಗೆ ಬಂದಿರಲಿಲ್ಲ. ಅವತ್ತು ಎಲ್ಲರ ಮುಂದೆ ಹೇಳಿದೆ, ಕದ್ದವನು ನಾನು ಎಂದು. ಮಾವ ಹೊಡೆಯುತ್ತಾನೆ, ಅವ್ವ ಉಗಿಯುತ್ತಾಳೆ ಎಂದು ಕಾದೆ, ಹಾಗಾಗಲಿ ಎಂದು ಆಸೆಯನ್ನೂ ಪಟ್ಟೆ. ಮಾವ, "ಆದದ್ದು ಆಗೋಯ್ತು ಬುಡ್ಲಾ. ಉಣ್ಣಕೆ ಕೂತ್ಕೊ ಓಗು" ಎಂದ. ಎಲೆ ಹಾಕಿದರು. ಎರಡು ವರ್ಷ ಅತ್ತಿಗೆಗೆ ಸಿಗದಿದ್ದದ್ದು ನನಗೆ ಒಂದು ಗಳಿಗೆಯಲ್ಲಿ ಸಿಕ್ಕಿತು, ನಾನು ಮನೆಯ ಗಂಡುಮಗ. ಎಲೆಯ ಮುಂದಿನಿಂದ ಎದ್ದು ಬಂದೆ.

ಮಾರನೆಯ ದಿನ ಹರವೆಗೆ ಹೋದೆ. ಅತ್ತಿಗೆ ಅವಳ ಅಣ್ಣನ ಹೊಲದಲ್ಲಿ ಈರುಳ್ಳಿಯ ಕಳೆ ತೆಗೆಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಗಿರಿಗೆ ಹೇಳಿ ವಿಡಿಯೋ ತೆಗೆಸಿಬಿಡುತ್ತೇನೆ ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬದುವಿನ ಮೇಲೆ ಕೂತು, ಆ ಹಾಡು ಹಾಕು ಎಂದಳು. ಇಷ್ಟು ದಿನ ಅದು ಕೇಳಿಸಿದಲ್ಲೆಲ್ಲ ಕಿವಿ ಮುಚ್ಚಿಕೊಂಡು ಓಡಿದವಳು ಪೂರ್ತಿ ಕೇಳಿದಳು. ಗಿಟಾರು ಮತ್ತೆ ಶುರುವಾಗಿ ದೊಡ್ಡವ್ವನ ದನಿಯನ್ನು ಮುಚ್ಚಿದಾಗ ಫೋನನ್ನು ಇನ್ನೂ ಹತ್ತಿರಕ್ಕೆ ಹಿಡಿದುಕೊಂಡಳು. ನನ್ನ ಜೀವದಷ್ಟು ಪ್ರೀತಿಯ ಆ ಗಿಟಾರು ನನಗೆ ಮೊದಲ ಸಲ ಬರೀ ಗದ್ದಲವಾಗಿ ಕೇಳಿಸಿತು.

"ಅವತ್ತು ನಂಗೇನೂ ಕೇಳಿಸ್ನಿಲ್ಲ ಸಿದ್ದ, ನಿಮ್ಮಣ್ಣನ್ ಫೋನ್ ಬಡ್ಕತಾನೇ ಇತ್ತಲ್ಲ. ನನ್ನೆಸ್ರೂ ಎತ್ತಿ ಹಾಡಿದ್ರಂತೆ ಅತ್ತೆ. ಅದು ಇದ್ರಲ್ಲಿ ಇಲ್ವಲ್ಲ. ಈ ಗಲಾಟೆ ಇಲ್ದೆ, ಅವ್ರ್ ದನಿ ಮಾತ್ರ ಇರೋದು ನಿನ್ ಫೋನಲ್ಲಿ ಅದಾ?"

ಎತ್ತಿದ್ದಳು. ಸವಿತನ್ನ ನಾನು ಮಡ್ಲಲ್ಲಿ ಮಡಿಕ್ಕತೀನಿ, ನೀನು ಓಗ್ಬಾ ಮಗನೇ ಎಂದು ಹಾಡಿದ್ದಳು. ತಾಳಕ್ಕೆ ಕೂರುವುದಿಲ್ಲ ಎಂದು ಬ್ಯಾಂಡಿನವರು ಅದನ್ನು ಕತ್ತರಿಸಿದ್ದರು, ಬೇಡದ ತುಂಡನ್ನು ಅವರು ಇಟ್ಟುಕೊಂಡಿರಲಿಲ್ಲ. ನನ್ನ ಫೋನಿನಲ್ಲಿ ಪೂರ್ತಿ ಇತ್ತು. ಅತ್ತಿಗೆ ಹರವೆಯ ಬಸ್ಸು ಹತ್ತಿದ ದಿನ, ಯಾರಾದರೂ ನನ್ನ ಫೋನು ನೋಡಿಬಿಟ್ಟಾರು ಎಂದು ಹೆದರಿ, ಅಳಿಸಿಬಿಟ್ಟಿದ್ದೆ.

ಆ ಸಾಲನ್ನು ಅವಳಿಗೆ ಬಾಯಲ್ಲಿ ಹೇಳಿದೆ. ಅಂಗಡಿ ಸಾಮಾನಿನ ಪಟ್ಟಿ ಓದಿದ ಹಾಗಿತ್ತು ನನ್ನ ದನಿಯಲ್ಲಿ. ಆಮೇಲೆ, ಇಲ್ಲ ಅತ್ತಿಗೆ, ನಾನೇ ಅಳಿಸಿದೆ ಎಂದೆ.

ಅವಳು ಫೋನು ಹಿಂದಕ್ಕೆ ಕೊಟ್ಟು ಎದ್ದಳು.

"ಹಂಗಾರೆ ಇದ ತಗಿಸ್ಬ್ಯಾಡ. ಇಷ್ಟಾದ್ರೂ ಇರ್ಲಿ," ಎಂದು ಹೇಳಿ, ಈರುಳ್ಳಿ ಸಾಲಿಗೆ ಬಗ್ಗಿದಳು.