ಮೊಣಕಾಲ ಮೇಲೆ ಇಟ್ಟ ಕೈ

ಇಪ್ಪತ್ತೆರಡು ವರ್ಷ ಈ ಊರಿನ ರಸ್ತೆಗಳಲ್ಲಿ ಗಾಡಿ ಓಡಿಸಿದ ನನಗೆ ಕೊನೆಗೆ ಸಿಕ್ಕಿದ ಕೆಲಸವೆಂದರೆ ಡ್ರೈವರ್ ಸೀಟಿನಲ್ಲಿ ಕುಳಿತು ಗಾಡಿ ಓಡಿಸದೆ ಇರುವುದು. ಶಾಲೆಯ ಬಸ್ಸು, ಆಸ್ಪತ್ರೆಯ ಸ್ಟಾಫ್ ವ್ಯಾನು, ಹೋಟೆಲಿನ ಕಾರು, ಎಲ್ಲ ಓಡಿಸಿ ಬಂದವನು ನಾನು. ಒಂದು ಕಂಪನಿ ತಾನಾಗಿ ಓಡುವ ಕಾರನ್ನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮುಗಳ ನಡುವೆ ಪರೀಕ್ಷೆಗೆ ಬಿಟ್ಟಿತ್ತು. ಹೆಚ್ಚುಕಮ್ಮಿಯಾದರೆ ಬ್ರೇಕ್ ಒತ್ತಲು ಒಬ್ಬ ಮನುಷ್ಯ ಬೇಕಿತ್ತು. ಮೂರು ತಿಂಗಳು ಕಳೆದ ಮೇಲೆ ಆ ಮನುಷ್ಯ ಒಂದು ಕಾಗದಕ್ಕೆ ಸಹಿ ಹಾಕಬೇಕು: ಈ ದಾರಿಯಲ್ಲಿ ಇನ್ನು ಕಾರು ಒಂಟಿಯಾಗಿ ಹೋಗಬಹುದು, ಸೀಟಿನಲ್ಲಿ ಯಾರೂ ಬೇಡ ಎಂದು. ನನ್ನ ಸೀಟು ಖಾಲಿ ಮಾಡುವ ಕಾಗದಕ್ಕೆ ನನ್ನದೇ ಸಹಿ. ನಗು ಬಂದಿತ್ತು ನನಗೆ.

ನಿಯಮ ಒಂದೇ. ಎರಡೂ ಕೈ ಮೊಣಕಾಲ ಮೇಲೆ, ಕಣ್ಣು ರಸ್ತೆಯ ಮೇಲೆ, ಬಲಗಾಲು ಬ್ರೇಕಿನ ಹತ್ತಿರ. ಸ್ಟೇರಿಂಗ್ ಮುಟ್ಟಿದರೆ ಅದು ದಾಖಲಾಗುತ್ತದೆ, ಮುಟ್ಟಿದ್ದು ಯಾಕೆ ಎಂದು ಬರೆಯಬೇಕಾಗುತ್ತದೆ. ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದವಳು ಮೈಸೂರಿನ ಇಂಜಿನಿಯರ್ ಹುಡುಗಿ. ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ಹೊರಡುವ ಮುಂಚೆ ಸ್ಟೇರಿಂಗ್ ಮುಟ್ಟಿ, ಬೆರಳನ್ನು ತುಟಿಗೊತ್ತಿ ಶಿಲುಬೆಯ ಗುರುತು ಮಾಡುವುದು ನನ್ನ ರೂಢಿ. ಅವತ್ತು ಗಡಿಬಿಡಿಯಲ್ಲಿ ಮರೆತು, ಕಾರು ತಾನಾಗಿ ಹೊರಟ ಮೇಲೆ ಮುಟ್ಟಿಬಿಟ್ಟೆ. ಟಿಣ್ ಎಂದಿತು.

"ಅಂಕಲ್, ಯಾಕ್ ಮುಟ್ಟಿದ್ರಿ? ಕಾರಣ ಅನ್ನೋ ಕಡೆ ಏನ್ ಬರೀಲಿ?"

"ಎಂತ ಬರೆಯುವುದು? ಪ್ರಾರ್ಥನೆ ಅಂತ ಬರಿ ಮಾರಾಯ್ತಿ."

ಅವಳು ನಿಜವಾಗಿಯೂ ಹಾಗೇ ಬರೆದಳು. ಒಳ್ಳೆಯ ಹುಡುಗಿ.

ಆದರೆ ಆ ಸ್ಟೇರಿಂಗಿಗೆ ನಾನು ಒಗ್ಗಿಕೊಳ್ಳಲು ತುಂಬ ದಿನ ಹಿಡಿಯಿತು. ನನ್ನ ಎದೆಯ ಮುಂದೆ, ಒಂದು ಗೇಣು ದೂರದಲ್ಲಿ, ಅದು ತನ್ನಷ್ಟಕ್ಕೆ ತಿರುಗುತ್ತಿತ್ತು. ಸ್ವಲ್ಪ ಎಡಕ್ಕೆ, ಮತ್ತೆ ನೆಟ್ಟಗೆ, ಯಾರೋ ನನ್ನ ತೊಡೆಯ ಮೇಲೆಯೇ ಕುಳಿತು ಓಡಿಸುತ್ತಿರುವ ಹಾಗೆ. ಪಕ್ಕದಲ್ಲಿ ಒಂದು ಪರದೆ. ಅದರಲ್ಲಿ ರಸ್ತೆ, ಲಾರಿಗಳು, ನಡೆದು ಹೋಗುವವರು. ಮನುಷ್ಯರಿಗೆಲ್ಲ ಒಂದೇ ಬಿಳಿ ಆಕಾರ, ಮುಖವಿಲ್ಲ. ನಮ್ಮ ಕಾರು ಒಂದು ಖಾಲಿ ಪೆಟ್ಟಿಗೆ. ರಸ್ತೆಯಲ್ಲಿದ್ದವರೆಲ್ಲ ಆ ಪರದೆಯಲ್ಲಿದ್ದರು, ನಾನೊಬ್ಬ ಇರಲಿಲ್ಲ. ಒಮ್ಮೆ ಕುತೂಹಲಕ್ಕೆ ಅದರ ಮುಂದೆ ಕೈ ಆಡಿಸಿಯೂ ನೋಡಿದೆ. ಏನೂ ಬದಲಾಗಲಿಲ್ಲ.

ಆ ದಾರಿಯಲ್ಲಿ ಅಲ್ಯೂಮಿನಿಯಂ ಗೋದಾಮೊಂದರ ಎದುರು ನಮಗೆ ದಿನವೂ ಒಬ್ಬರು ಸಿಗುತ್ತಿದ್ದರು. ಪೇಶಾವರದ ಕಡೆಯ ಮುದುಕ, ಗೋದಾಮಿನ ವಾಚ್‌ಮನ್. ಬೆಳಗ್ಗೆ ಏಳರ ಸುಮಾರಿಗೆ ಎದುರಿನ ಕೆಫೆಟೇರಿಯಾದಿಂದ ಕರಕ್ ಚಹಾ ತೆಗೆದುಕೊಂಡು ರಸ್ತೆ ದಾಟುತ್ತಿದ್ದರು. ನಾನು ಸ್ಟಾಫ್ ವ್ಯಾನ್ ಓಡಿಸುತ್ತಿದ್ದ ಕಾಲದಿಂದಲೂ ಪರಿಚಯ. ಹೆಸರು ಕೇಳಿಕೊಂಡಿರಲಿಲ್ಲ, ಅವರಿಗೆ ನಾನು ಉಸ್ತಾದ್, ನನಗೆ ಅವರು ಭಾಯ್. ರಸ್ತೆಯಂಚಿನಲ್ಲಿ ನಿಂತು ಅವರು ನನ್ನ ಮುಖ ನೋಡುವರು. ನಾನು ಕೈ ಎತ್ತಿ 'ಹೋಗಿ' ಎನ್ನುವೆ. ಅವರು ಸಲಾಂ ಮಾಡಿ ದಾಟುವರು. ಈ ಊರಿನಲ್ಲಿ ಹೀಗೆಯೇ ನಡೆಯುವುದು. ನಡೆದು ಹೋಗುವವನು ಗಾಡಿಯನ್ನು ನೋಡುವುದಿಲ್ಲ, ಡ್ರೈವರನ ಕೈ ನೋಡುತ್ತಾನೆ.

ಹೊಸ ಕಾರಿನಲ್ಲಿಯೂ ಅದೇ ನಡೆಯಿತು. ಅವರು ನೋಡಿದರು, ನಾನು ಕೈ ಎತ್ತಿದೆ, ಕಾರು ನಿಂತಿತು, ಅವರು ದಾಟಿದರು. ಮೊಣಕಾಲ ಮೇಲಿನ ಕೈ ಮೇಲೆ ಹೋಗಬಾರದು ಎಂದು ನಿಯಮವಿದ್ದರೂ, ಅದು ಸ್ಟೇರಿಂಗ್ ಮುಟ್ಟುತ್ತಿರಲಿಲ್ಲವಾದ್ದರಿಂದ ಟಿಣ್ ಎನ್ನುತ್ತಿರಲಿಲ್ಲ. ವಾರಗಟ್ಟಲೆ ಹೀಗೆಯೇ. ಕಾರು ನಿಲ್ಲುವುದು ನನ್ನ ಕೈ ಎತ್ತಿದ್ದಕ್ಕೋ, ಅದರ ಲೆಕ್ಕಾಚಾರಕ್ಕೋ ಎಂಬುದು ನನಗೇ ಮಸುಕಾಗತೊಡಗಿತು. ಎಡಕ್ಕೆ ತಿರುಗಬೇಕು ಎಂದುಕೊಳ್ಳುವಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ತಿರುಗಿರುತ್ತಿತ್ತು. ಇದಕ್ಕೆ ನನ್ನ ಮನಸ್ಸು ಗೊತ್ತಾಗುತ್ತಿದೆಯೇ ಎನಿಸಿ ಮೈ ಜುಮ್ಮೆನ್ನುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ಭಾನುವಾರ ಹೆಂಡತಿಯ ಜೊತೆ ಚರ್ಚಿಗೆ, ಪೂಜೆಗೆ ಹೊರಟಿದ್ದೆ, ಅಲ್ ನಹ್ದಾದ ನಮ್ಮ ಫ್ಲಾಟಿನಿಂದ, ನಮ್ಮದೇ ಹಳೆಯ ಕಾರಿನಲ್ಲಿ. ಸಿಗ್ನಲ್ ಹಸಿರಾಯಿತು, ಹೊರಟೆವು. ಅವಳು ಆಸ್ಪತ್ರೆಯ ಡ್ಯೂಟಿ ವಿಷಯ ಏನೋ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ಚೀರಿದಳು. ಕೆಳಗೆ ನೋಡಿದರೆ ನನ್ನ ಎರಡೂ ಕೈ ಮೊಣಕಾಲ ಮೇಲೆ, ಅಚ್ಚುಕಟ್ಟಾಗಿ. ಕಾರು ಮೆಲ್ಲಗೆ ಪಕ್ಕದ ಬಸ್ಸಿನ ಕಡೆಗೆ ವಾಲುತ್ತಿತ್ತು. ಗಬಕ್ಕನೆ ಸ್ಟೇರಿಂಗ್ ಹಿಡಿದೆ. ಮನೆಯಲ್ಲಿ ನಮ್ಮದು ಕೊಂಕಣಿ. ಆಗ ಅವಳು ಅಂದದ್ದನ್ನು ಕನ್ನಡಕ್ಕೆ ಇಳಿಸಿದರೆ ಅರ್ಧ ಖಾರ ಹೋಗುತ್ತದೆ.

"ನಿಮಗೆ ತಲೆ ಸರಿ ಉಂಟಾ? ಯಾರು ಓಡಿಸುತ್ತಾರೆ ಅಂತ ಗ್ರಹಿಸಿದ್ದು ನೀವು?"

ಕೈ ಯಾವಾಗ ಕೆಳಗಿಳಿಯಿತು ಎಂಬುದೇ ನನಗೆ ನೆನಪಿರಲಿಲ್ಲ. ಪೂಜೆಯಲ್ಲಿ ಮೊಣಕಾಲೂರಿದಾಗ ಆ ಕೈಗಳನ್ನೇ ನೋಡುತ್ತ ಕುಳಿತೆ, ಒಂದು ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ಸಹಿಯ ವಾರ ಬಂತು. ಆ ವಾರದಲ್ಲೇ ಒಂದು ಬೆಳಗ್ಗೆ ಮಂಜು ಕವಿಯಿತು. ಇಲ್ಲಿನ ಚಳಿಗಾಲದ ಮಂಜು ನೋಡಿದವರಿಗೇ ಗೊತ್ತು. ಮೂವತ್ತಡಿಯಾಚೆಗೆ ಬರಿಯ ಹಾಲು ಬಣ್ಣ, ಅದರೊಳಗಿಂದ ಲಾರಿಯ ದೀಪಗಳು ಮಾತ್ರ ತೇಲಿ ಬರುತ್ತವೆ. ಕಾರು ತಾನಾಗಿ ವೇಗ ಇಳಿಸಿಕೊಂಡು ಹೋಗುತ್ತಿತ್ತು. ಅಲ್ಯೂಮಿನಿಯಂ ಗೋದಾಮಿನ ಎದುರು ನೀರಿನ ಟ್ಯಾಂಕರೊಂದು ನಿಂತಿತ್ತು. ಅದರ ಹಿಂಬದಿಯಲ್ಲಿ, ಅರ್ಧ ದೇಹ ಮರೆಯಾಗಿ, ಚಹಾದ ಲೋಟ ಹಿಡಿದು ಭಾಯ್ ನಿಂತಿದ್ದರು. ಅವರು ನನ್ನ ಮುಖ ನೋಡಿದರು. ಮಂಜಿನಲ್ಲಿಯೂ ಆ ಗಡ್ಡ, ಆ ನೋಟ ನನಗೆ ಕಂಡಿತು. ನಾನು ಕೈ ಎತ್ತಿದೆ.

ಅವರು ರಸ್ತೆಗೆ ಇಳಿದರು. ಕಾರು ನಿಲ್ಲಲಿಲ್ಲ.

ಪರದೆಯತ್ತ ಕಣ್ಣು ಹೋಯಿತು. ಟ್ಯಾಂಕರ್ ಇತ್ತು. ಅದರ ಪಕ್ಕದಲ್ಲಿ ಬಿಳಿ ಆಕಾರ ಯಾವುದೂ ಇರಲಿಲ್ಲ. ನನ್ನ ಕಣ್ಣ ಮುಂದೆ ನಡೆಯುತ್ತಿದ್ದ ಮನುಷ್ಯ ಅಲ್ಲಿ ಇರಲೇ ಇಲ್ಲ. ಕೈ ಇನ್ನೂ ಗಾಳಿಯಲ್ಲಿಯೇ ಇದೆ, ಕಾಲು ಎಲ್ಲಿದೆ ಎಂದೇ ತಿಳಿಯುತ್ತಿಲ್ಲ. ಅಮ್ಮಾ ಎಂದು ಕೂಗಿಕೊಂಡು ಬ್ರೇಕ್ ತುಳಿದೆ. ಕಾರು ಕಿರುಗುಟ್ಟಿ ನಿಂತಾಗ ಬಿಸಿ ಚಹಾ ಬಾನೆಟ್ ಮೇಲೆ ಚೆಲ್ಲಿ ಹಬೆಯಾಡುತ್ತಿತ್ತು. ಭಾಯ್ ಬಾನೆಟ್ಟಿಗೆ ಎರಡೂ ಅಂಗೈ ಊರಿ ನಿಂತಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಆಮೇಲೆ, ತಡವಾಗಿ, ಪರದೆಯಲ್ಲಿ ಮುಖವಿಲ್ಲದ ಬಿಳಿ ಆಕಾರವೊಂದು ಮೂಡಿತು.

ನಾನು ಇಳಿದೆ. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೆಲ್ಲಗೆ ಕೇಳಿದ್ದು ಒಂದೇ ಮಾತು.

"ಉಸ್ತಾದ್, ಹಾಥ್ ತೋ ತುಮ್ನೇ ದಿಯಾ ಥಾ?"

ಕೈ ತೋರಿಸಿದ್ದು ನೀನೇ ಅಲ್ಲವಾ ಎಂದು.

ಮಧ್ಯಾಹ್ನ ಆಫೀಸಿನಲ್ಲಿ ಹುಡುಗಿ ಕಾರಿನೊಳಗಿನ ಕ್ಯಾಮೆರಾದ ವಿಡಿಯೋ ಹಾಕಿ ತೋರಿಸಿದಳು. ಅದರಲ್ಲಿ ನಾನು ಬೊಂಬೆಯ ಹಾಗೆ ಕುಳಿತಿದ್ದೆ. ಮುಖದಲ್ಲಿ ಚೂರೂ ಕಳವಳವಿಲ್ಲ. ಬಲಗೈ ಮಾತ್ರ ಮೊಣಕಾಲಿನಿಂದ ಎದ್ದು, ಬೆರಳು ಬಿಡಿಸಿ, 'ಹೋಗಿ' ಎಂದಿತು. ನನ್ನ ತೋಳಿಗೆ ಯಾರದೋ ಕೈ ಅಂಟಿಸಿದಂತಿತ್ತು. ಎರಡನೆಯ ಸಲ ನೋಡಲು ಆಗಲಿಲ್ಲ.

ಅವಳಿಗೂ ಹೆದರಿಕೆಯಾಗಿತ್ತು. ಆದರೂ ಹೇಳಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ನೀವು ಕೈ ಮಾಡ್ದೆ ಇದ್ದಿದ್ರೆ ಅವ್ರು ರೋಡಿಗೆ ಇಳೀತಾನೇ ಇರ್ಲಿಲ್ಲ. ರಿಪೋರ್ಟಲ್ಲಿ ಇದು ಆಪರೇಟರ್ ತಪ್ಪು, ಅಂದ್ರೆ ನಿಮ್ ತಪ್ಪು ಅಂತಾನೇ ಬರುತ್ತೆ. ಸೀಟಲ್ಲಿ ಯಾರೂ ಇಲ್ದಿದ್ರೆ ಕೈ ಮಾಡೋರೂ ಇರಲ್ಲ ಅಲ್ವಾ?"

"ಅಂದರೆ ನಾನು ಇಲ್ಲದಿದ್ದರೇ ಸೇಫ್ ಅಂತ ನೀನು ಹೇಳುವುದು?"

ಅವಳು ಲ್ಯಾಪ್‌ಟಾಪ್ ಮಡಚಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ಸರಿ ಮಗಾ, ನನ್ನ ತಪ್ಪು. ನೂರಕ್ಕೆ ನೂರು ನನ್ನದೇ ತಪ್ಪು, ಬರಿ. ಆದರೆ ನನಗೆ ಕಂಡ ಮನುಷ್ಯ ನಿನ್ನ ಕಾರಿಗೆ ಯಾಕೆ ಕಾಣಲಿಲ್ಲ? ನಾಳೆ ಅವರು ಕೈ ನೋಡದೆ, ಯಾರನ್ನೂ ಕೇಳದೆ ಇಳಿದರೆ? ಆಗ ಯಾರ ತಪ್ಪು ಅಂತ ಬರೆಯುವುದು ನೀನು?"

ಅವಳ ಮಾತು ಪೂರಾ ಸುಳ್ಳಲ್ಲ ಎಂದು ನನಗೇ ಗೊತ್ತಿತ್ತು. ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬನಿಗೆ ಗಾಡಿ ತಾಗಿಸದ ನಾನು, ಗಾಡಿ ಓಡಿಸದೆಯೇ ಒಬ್ಬರನ್ನು ಕೊಲ್ಲುವುದರಲ್ಲಿದ್ದೆ. ಸಹಿ ಹಾಕಲಿಲ್ಲ. ಆ ಕಾಗದದಲ್ಲಿ ಎರಡೇ ಸಾಲು ಬರೆದೆ: ನಾನು ಕೈ ತೋರಿಸಿದ್ದು ತಪ್ಪು. ಟ್ಯಾಂಕರಿನ ಬಳಿ ನಿಂತ ಮನುಷ್ಯ ಕಾರಿಗೆ ಕಾಣಲಿಲ್ಲ.

ಪರೀಕ್ಷೆ ಇನ್ನಷ್ಟು ವಾರ ಮುಂದುವರಿಯಿತು, ಬೇರೆ ಡ್ರೈವರನೊಂದಿಗೆ. ನನ್ನನ್ನು ಗ್ಯಾರೇಜಿನಲ್ಲಿ ಸೆನ್ಸರ್ ಒರೆಸುವ ಕೆಲಸಕ್ಕೆ ಹಾಕಿದರು. ಕಾರನ್ನು ಸರಿಪಡಿಸಿದ್ದೇವೆ, ಈಗ ಮಂಜಿನಲ್ಲೂ ಕಾಣುತ್ತದೆ ಎಂದು ಹುಡುಗಿ ಒಂದು ದಿನ ಬಂದು ಹೇಳಿದಳು. ಸುಳ್ಳು ಹೇಳುವವಳಲ್ಲ ಅವಳು. ಕೊನೆಗೆ ಆ ಇನ್ನೊಬ್ಬ ಸಹಿ ಹಾಕಿದ.

ಸೀಟು ಖಾಲಿಯಾದ ಸುದ್ದಿ ಕೇಳಿದ ಮರುದಿನ ರಜೆ ಹಾಕಿ ಭಾಯ್ ಹತ್ತಿರ ಹೋದೆ. ಇನ್ನು ಆ ಕಾರಿನಲ್ಲಿ ಯಾರೂ ಇರುವುದಿಲ್ಲ, ಕೈಗಾಗಿ ಕಾಯಬೇಡಿ ಎಂದು ಹೇಳಬೇಕಿತ್ತು. ಅವರು ನನ್ನನ್ನು ನೋಡಿ ನಕ್ಕರು, ಕೆಫೆಟೇರಿಯಾಕ್ಕೆ ಕರೆದುಕೊಂಡು ಹೋಗಿ ನನಗೂ ಒಂದು ಚಹಾ ಕೊಡಿಸಿದರು. ಇಬ್ಬರೂ ಲೋಟ ಹಿಡಿದು ರಸ್ತೆಯಂಚಿಗೆ ಬಂದೆವು. ಅವತ್ತು ಮಂಜು ತೆಳುವಾಗಿತ್ತು.

ಆಗಲೇ ಅದು ಬಂತು, ಸದ್ದಿಲ್ಲದೆ. ನಮ್ಮನ್ನು ಕಂಡು ವೇಗ ಇಳಿಸಿ, ಗೆರೆಯ ಹಿಂದೆ ಸರಿಯಾಗಿ ನಿಂತಿತು. ನಾನಾಗಿದ್ದರೂ ಅಷ್ಟು ಚೆನ್ನಾಗಿ ನಿಲ್ಲಿಸುತ್ತಿರಲಿಲ್ಲ. ಒಳಗೆ ನಾನು ಕುಳಿತಿದ್ದ ಜಾಗದಲ್ಲಿ ಸೀಟ್ ಬೆಲ್ಟ್ ನೇತಾಡುತ್ತಿತ್ತು. ಸ್ಟೇರಿಂಗ್ ಒಂದಿಷ್ಟೇ ಅಲುಗಿ ಸುಮ್ಮನಾಯಿತು.

ಭಾಯ್ ಆ ಸೀಟನ್ನು ನೋಡಿದರು. ರೂಢಿಯಂತೆ ಅಲ್ಲಿ ಮುಖವನ್ನು ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಉಸ್ತಾದ್, ಇಸ್ನೇ ಮುಝೇ ದೇಖಾ ಕ್ಯಾ?"

ಇದು ನನ್ನನ್ನು ನೋಡಿತಾ?

ನನ್ನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಎದೆಯ ಮಟ್ಟಕ್ಕೆ ಬಂದಾಗ ನನಗೆ ಗೊತ್ತಾಯಿತು, ಕೆಳಗಿಳಿಸಿ ಪ್ಯಾಂಟಿನ ಜೇಬಿಗೆ ತುರುಕಿದೆ. ಅವರು ಆ ಜೇಬನ್ನೇ ನೋಡುತ್ತಿದ್ದರು.

"ಮಾಲೂಮ್ ನಹೀ, ಭಾಯ್," ಎಂದೆ. ಗೊತ್ತಿಲ್ಲ ನನಗೆ.

ಕಾರು ನಮಗಾಗಿ ಕಾಯಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಭಾಯ್ ಒಂದು ಹೆಜ್ಜೆ ಹಿಂದಕ್ಕೆ ಸರಿದು ನನ್ನ ತೋಳು ಹಿಡಿದುಕೊಂಡರು. ಸ್ವಲ್ಪ ಹೊತ್ತು ನೋಡಿ ಕಾರು ತಾನಾಗಿ ಮುಂದಕ್ಕೆ ಹೊರಟುಹೋಯಿತು. ಕೈಯಲ್ಲಿದ್ದ ಚಹಾ ತಣ್ಣಗಾಗುವವರೆಗೂ ನಾವಿಬ್ಬರೂ ಆಚೆ ದಾಟದೆ ಅಲ್ಲೇ ನಿಂತಿದ್ದೆವು.