ದರ್ಜಿಯಕ್ಕನ ಮಾಳಿಗೆ ಮನೆ

ಎಷ್ಟು ವರ್ಷ ತಪ್ಪದೆ ಬಾಡಿಗೆ ಕಟ್ಟಿದರೂ ಬ್ಯಾಂಕಿನವರ ಕಣ್ಣಿಗೆ ಅದು ಕಾಣುವುದಿಲ್ಲ. ನಮ್ಮ ಬೀದಿಯ ದರ್ಜಿಯಕ್ಕನನ್ನೇ ನೋಡಿ. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಬೈಯುತ್ತಾಳೆ, ನಗುತ್ತಾಳೆ, ಗಿರಾಕಿಯ ಸೊಂಟ ಎರಡು ಅಂಗುಲ ಊದಿದ್ದನ್ನು ಇಡೀ ಬೀದಿಗೆ ಸಾರುತ್ತಾಳೆ. ಹದಿನಾರು ವರ್ಷ ತಾನು ಬಾಡಿಗೆಗಿದ್ದ ಮಾಳಿಗೆ ಮನೆ ಮಾರಾಟಕ್ಕೆ ಬಂದಾಗ ಅವಳ ಕೈಯಲ್ಲಿದ್ದದ್ದು ಬೆಲೆಯ ಹತ್ತರಲ್ಲೊಂದು ಪಾಲು. ತಪ್ಪದೆ ಬಾಡಿಗೆ ಕಟ್ಟಿದ್ದೀನಿ ಎಂದು ಹೇಳಿ ಮಿಕ್ಕಿದ್ದಕ್ಕೆ ಸಾಲ ಕೇಳಿದರೆ, "ಬಾಡಿಗೆ ಕಟ್ಟಿದ್ದಕ್ಕೆ ಏನಮ್ಮಾ ಸಾಕ್ಷಿ?" ಎಂದು ಬ್ಯಾಂಕಿನವನು ಫೈಲು ಮುಚ್ಚಿದ. ಇವಳು ನೇರ ಹೋಗಿ ಮನೆ ಮಾಲೀಕನ ಮುಂದೆ ನಿಂತಳು. "ಬ್ಯಾಂಕಿಗೆ ಗೊತ್ತಿಲ್ದಿದ್ರೆ ಹೋಗ್ಲಿ, ನಿಂಗೆ ಗೊತ್ತಲ್ಲಣ್ಣಾ, ಒಂದು ತಿಂಗಳಾದ್ರೂ ತಪ್ಸಿದ್ದೀನಾ? ಇಷ್ಟು ಈಗ ತಗೋ, ಮಿಕ್ಕಿದ್ದು ಹತ್ತು ವರ್ಷ ಕಂತಲ್ಲಿ." "ಮನೆ ಏನು ಲಂಗವೇನಕ್ಕಾ, ತುಂಡು ತುಂಡು ಜೋಡ್ಸೋಕೆ?" ಅಂದ ಮಾಲೀಕ. "ಒಂದು ಕಂತಿನ ಹೊಲಿಗೆ ಬಿಟ್ರೂ ಮನೆ ನಿಂದೇ, ಕೊಟ್ಟ ದುಡ್ಡೂ ನಿಂದೇ. ಬರ್ಕೋ!" ಅವನು ಬರೆದುಕೊಂಡ, ಮನೆ ಇವಳದಾಯಿತು. ಈಗ ಮಹಡಿಯ ಒಳ್ಳೆಯ ಕೋಣೆಗಳನ್ನು ಬಾಡಿಗೆಗೆ ಬಿಟ್ಟು, ಅದರಿಂದಲೇ ಕಂತು ಕಟ್ಟುತ್ತ, ತಾನು ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರದ ಪಕ್ಕ ಮಹಾರಾಣಿಯಂತೆ ಮಲಗುತ್ತಾಳೆ. ಗಿರಾಕಿಗಳು ಗೋಡೆಗೆ ಒರಗಿದರೆ ಸಾಕು, "ಮೆಲ್ಲಗೆ ಕಣ್ರೀ, ಅದು ನನ್ನ ಗೋಡೆ!" ಎನ್ನುತ್ತಾಳೆ. ಆದರೆ ಪ್ರತಿ ತಿಂಗಳ ಮೊದಲ ದಿನ ಬಾಯಿಂದ ಸೂಜಿಗಳನ್ನು ತೆಗೆದಿಟ್ಟು, ಬಾಡಿಗೆದಾರರ ಹೆಸರು, ತಿಂಗಳು, ಮೊತ್ತ ಬರೆದು, ಸಹಿ ಹಾಕಿ ರಸೀದಿ ಕೊಡುತ್ತಾಳೆ. ಹದಿನಾರು ವರ್ಷದಲ್ಲಿ ಅವಳಿಗೆ ಅಂಥ ಒಂದು ಚೀಟಿಯನ್ನೂ ಯಾರೂ ಕೊಟ್ಟಿರಲಿಲ್ಲ. ಬಾಡಿಗೆ ಎಣಿಸಿ ಜೇಬಿಗಿಳಿಸುವ ಮಹನೀಯರೇ, ಈ ತಿಂಗಳಿಂದ ನೀವೂ ರಸೀದಿ ಬರೆದುಕೊಡಿ.